ಉಣ್ಣೆ ನಾಯಿ ಮೈಮೇಲೆ ಕಮ್ಮಿ, ಗೋಡೆ ಸಂದಿಯಲ್ಲೇ ಜಾಸ್ತಿ

ಹೋದ ತಿಂಗಳು ಒಂದಿನ ಸಂಜೆ ನಮ್ಮ ಮಹಡಿ ಮನೆಯವರು ಗೇಟ್ ಹತ್ರ ಅವರ ಲ್ಯಾಬ್ರಡಾರ್‌ನ ಮಲಗಿಸ್ಕೊಂಡು, ಒಂದು ಕೈಯಲ್ಲಿ ಹಚ್ಚಿದ ಊದುಬತ್ತಿ, ಇನ್ನೊಂದು ಕೈಯಲ್ಲಿ ಪೆಟ್ರೋಲಲ್ಲಿ ಅದ್ದಿದ ಹತ್ತಿ ಹಿಡ್ಕೊಂಡು ಕೂತಿದ್ರು. "ಏನ್ ಸಾರ್, ನಾಯಿಗೆ ಪೂಜೆನಾ?" ಅಂದೆ. "ಉಣ್ಣೆ ಬಿಡಿಸ್ತಿದೀನಿ ಮೇಡಂ, ಬಿಸಿ ತಾಗಿದ್ರೆ ತಾನೇ ಬಿಟ್ಬಿಡತ್ತಂತೆ" ಅಂದ್ರು. ಪುಣ್ಯಕ್ಕೆ ನಾಯಿ ಎದ್ದು ಓಡಿಹೋಯ್ತು. ನಾಯಿ ರಕ್ತ ಕುಡಿಯೋ ಈ ಹುಳದ (ಟಿಕ್) ಬಗ್ಗೆ ಬರೀತಿರೋದು ಅವತ್ತಿಂದ ತಲೇಲಿ ಕೊರೀತಿರೋದಕ್ಕೆ.

ಮೊದ್ಲು ಹುಡುಕೋದು. ಇದು ಕಣ್ಣಿನ ಕೆಲಸಕ್ಕಿಂತ ಬೆರಳಿನ ಕೆಲಸ. ಕೂದಲಿಗೆ ಎದುರಾಗಿ ಬೆರಳಾಡಿಸ್ತಾ ಹೋಗಿ, ಕಿವಿ ಒಳಗೆ, ಬೆಲ್ಟ್ ಕೆಳಗೆ, ಕಂಕುಳು, ತೊಡೆ ಸಂದಿ, ಬಾಲದ ಬುಡ, ಮುಖ್ಯವಾಗಿ ಕಾಲ್ಬೆರಳ ಮಧ್ಯೆ. ಹೊಸದಾಗಿ ಹತ್ತಿದ್ದು ಸಾಸಿವೆ ಕಾಳಿನ ಹಾಗೆ ಸಿಗತ್ತೆ, ರಕ್ತ ಕುಡಿದು ಊದಿರೋದು ಥೇಟ್ ಹರಳು ಬೀಜ. ಗಂಟು ಸಿಕ್ಕಿದ್ದೆಲ್ಲಾ ಉಣ್ಣೆ ಅಲ್ಲ, ಗಂಡು ನಾಯಿಗೂ ಮೊಲೆತೊಟ್ಟು ಇರತ್ತೆ, ಅದನ್ನೇ ಹಿಡಿದು ಎಳೆದವರನ್ನ ನಾನೇ ನೋಡಿದೀನಿ. ಟಾರ್ಚ್ ಹಾಕಿ ನೋಡಿ, ಕಾಲು ಕಂಡ್ರೆ ಮಾತ್ರ ಕೈ ಹಾಕಿ.

ಕೀಳೋದಕ್ಕೆ ಚೂಪು ತುದಿಯ ಚಿಮುಟ ಬೇಕು, ಹುಬ್ಬು ತೆಗೆಯೋ ಚಪ್ಪಟೆ ತುದಿಯದ್ದು ಬೇಡ, ಅದು ಹೊಟ್ಟೇನ ಹಿಂಡತ್ತೆ. ಕೈಗೆ ಗ್ಲೌಸ್ ಹಾಕಿ, ಕೂದಲು ಅಗಲ ಮಾಡಿ, ಉಣ್ಣೆ ಬಾಯಿ ಚರ್ಮದೊಳಗೆ ಹೋಗಿರೋ ಜಾಗದಲ್ಲೇ, ಅಂದ್ರೆ ಚರ್ಮಕ್ಕೆ ಅಂಟಿಕೊಂಡ ಹಾಗೆ ಹಿಡೀರಿ. ತಿರುಚಬೇಡಿ, ಜಗ್ಗಬೇಡಿ, ನೇರ ಮೇಲಕ್ಕೆ ನಿಧಾನವಾಗಿ ಒಂದೇ ಸಮ ಎಳೀತಾ ಇರಿ. ಚರ್ಮ ಸಣ್ಣ ಡೇರೆ ಹಾಗೆ ಮೇಲೆ ಬರತ್ತೆ, ಅಲ್ಲೇ ತಡೀರಿ, ಮೂರು ನಾಕು ಸೆಕೆಂಡಿಗೆ ಅದೇ ಸೋತು ಬಿಟ್ಕೊಳತ್ತೆ. ಬಾಯಿ ತುಣುಕು ಒಳಗೇ ಉಳೀತಾ? ಪಿನ್ ತಗೊಂಡು ಕೆದಕಬೇಡಿ, ಪೊವಿಡೋನ್ ಅಯೋಡಿನ್ ಹಚ್ಚಿ ಸುಮ್ನಿದ್ರೆ ಚರ್ಮವೇ ಅದನ್ನ ಹೊರಗೆ ಹಾಕತ್ತೆ. ಊದುಬತ್ತಿ, ಪೆಟ್ರೋಲು, ವ್ಯಾಸಲೀನು ಇದ್ಯಾವುದೂ ಬೇಡ, ನಾಯಿ ಚರ್ಮ ಸುಡೋದು ಒಂದು ಕಡೆ, ಹಿಂಸೆ ಆದ ಉಣ್ಣೆ ತನ್ನ ಜೊಲ್ಲನ್ನ ವಾಪಸ್ ನಾಯಿ ರಕ್ತಕ್ಕೇ ಬಿಡಬಹುದು, ರೋಗ ಇರೋದು ಆ ಜೊಲ್ಲಲ್ಲೇ.

ಕಿತ್ತಿದ್ದನ್ನ ಉಗುರಲ್ಲಿ ಕುಕ್ಕಬೇಡಿ, ಚಪ್ಪಲೀಲಿ ಹೊಸಕಬೇಡಿ. ಸ್ಪಿರಿಟ್ ಹಾಕಿದ ಸಣ್ಣ ಬಾಟ್ಲಿಗೆ ಹಾಕಿ ಮುಚ್ಚಳ ಬಿಗೀರಿ. ಬರೀ ನೀರಲ್ಲಿ ಸಾಯಲ್ಲ, ಆರಾಮಾಗಿ ಹತ್ತಿ ಬರತ್ತೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ನಮ್ಮೂರ ಕಡೆ ಇದಕ್ಕೆ ಉಣುಗು ಅಂತೀವಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ, ಮನುಷ್ಯರಿಗೂ ಬರೋ ಮಂಗನ ಕಾಯಿಲೆ ಹರಡೋದು ಕಾಡಿನ ಉಣುಗಿಂದ. ಪೇಟೆ ನಾಯಿಗೆ ಹತ್ತೋ ಕಂದು ಉಣ್ಣೆ ಬೇರೆ ಜಾತಿ, ಆದ್ರೆ ದರಕಿಗೆ (ಒಣ ಎಲೆಗೆ), ಸೌದೆಗೆ ಅಂತ ನಿಮ್ಮ ಹಿಂದೆ ಕಾಡಿಗೆ ಬಂದ ನಾಯಿ ಆ ಕಾಡಿನದ್ದನ್ನೂ ಮನೆಗೆ ತರತ್ತೆ. ಚಳಿಗಾಲದಿಂದ ಮಳೆ ಹಿಡಿಯೋವರೆಗೆ ಬರಿಗೈಯಲ್ಲಿ ಕೀಳೋ ಅಭ್ಯಾಸ ಬಿಡಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಕೊಂಡೇ ಕಾಡಿಗೆ ಹೋಗಿ.

ಔಷಧಿ ವಿಷಯದಲ್ಲಿ ನನ್ನ ಓಟು ಮಾತ್ರೆಗೆ. ಫ್ಲುರಾಲನರ್ ಅಂತ ಬರತ್ತೆ, ಸುಮಾರು 12 ವಾರ ಕೆಲಸ ಮಾಡತ್ತೆ, ಅಫಾಕ್ಸೊಲನರ್ ಆದ್ರೆ ತಿಂಗಳಿಗೊಂದು. ದುಬಾರಿ ಹೌದು, ಆದ್ರೆ ಸರಿಯಾಗಿ ಕೆಲಸ ಮಾಡತ್ತೆ. ಮಾತ್ರೆ ನಾಯಿ ತೂಕಕ್ಕೆ ತಕ್ಕ ಹಾಗೆ ಇರತ್ತೆ, ದೊಡ್ಡದನ್ನ ತಂದು ಎರಡು ನಾಯಿಗೆ ಮುರಿದು ಹಾಕೋ ಲೆಕ್ಕಾಚಾರ ಬೇಡ, ನಾಯಿಗೆ ಫಿಟ್ಸ್ ಬರ್ತಿತ್ತು ಅಂದ್ರೆ ಡಾಕ್ಟರಿಗೆ ಮೊದ್ಲೇ ಹೇಳಿ. ಮಾತ್ರೆ ಹಾಕಿದ ಮಾರನೇ ದಿನ ಮೈಮೇಲೆ ಉಣ್ಣೆ ಕಂಡು "ಡೂಪ್ಲಿಕೇಟ್ ಮಾಲು" ಅಂತ ಬೈಯೋರಿದಾರೆ. ಅದು ಕಚ್ಚಿ ರಕ್ತ ಕುಡಿದ್ರೆ ತಾನೇ ಔಷಧಿ ಅದರ ಹೊಟ್ಟೆಗೆ ಹೋಗೋದು! ಬೆನ್ನಿಗೆ ಬಿಡೋ ಫಿಪ್ರೊನಿಲ್ ಹನಿನೂ ಪರವಾಗಿಲ್ಲ, ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಮಾಡಿಸಬಾರದು ಅಷ್ಟೇ.

ಅಮಿಟ್ರಾಜ್ ಅನ್ನೋ ಉಣ್ಣೆ ಔಷಧಿ ನೀರಲ್ಲಿ ಕಲಸಿ ಮಾಡಿಸೋ ಸ್ನಾನ ಅಗ್ಗ, ಅದಕ್ಕೇ ಎಲ್ಲರೂ ಮಾಡೋದು, ಎಲ್ಲರೂ ಕೆಡಿಸೋದೂ ಅದನ್ನೇ. ಲೇಬಲ್ ಮೇಲಿರೋ ಅಳತೆಗೇ ಕಲಸಿ, ಮುಚ್ಚಳದಲ್ಲಿ ಅಂದಾಜು ಬೇಡ, ಕಣ್ಣಿಗೆ ಬಾಯಿಗೆ ತಾಗಿಸಬೇಡಿ. ಸವರಿದ ಮೇಲೆ ತೊಳೀಬಾರದು, ಟವೆಲಲ್ಲಿ ಒರೆಸಬಾರದು, ನೆರಳಲ್ಲಿ ತಾನೇ ಒಣಗಬೇಕು, ಅಲ್ಲೀತನಕ ನೆಕ್ಕದ ಹಾಗೆ ಕಾಯ್ಕೊಂಡು ಕೂರಬೇಕು, ನಿಜವಾದ ಕಷ್ಟ ಅದೇ. ನೆಕ್ಕಿದ್ರೆ ತೂಕಡಿಸ್ತಾ ಬಿದ್ದಿರತ್ತೆ, ತಡ ಮಾಡದೆ ಡಾಕ್ಟರ ಹತ್ರ ಓಡ್ಬೇಕು. ಚಿಕ್ಕ ಮರಿಗೆ, ಶುಗರ್ ಇರೋ ನಾಯಿಗೆ, ಬೆಕ್ಕಿಗೆ ಹಾಕಲೇಬೇಡಿ. ಇನ್ನು ಹಸುವಿಗೆ ತಂದ ಐವರ್ಮೆಕ್ಟಿನ್ ಸೂಜಿ, ಇರುವೆಗೆ ಗೆರೆ ಎಳೆಯೋ ಚಾಕ್, ಹೊಗೆಸೊಪ್ಪಿನ ನೀರು, ಇವೆಲ್ಲ ಉಣ್ಣೆಗಿಂತ ಮೊದ್ಲು ನಾಯೀನೇ ಮುಗಿಸಬಹುದು. ಘಮ ಘಮ ಅನ್ನೋ ಟಿಕ್ ಪೌಡರ್ ಡಬ್ಬಗಳಿಗೂ ನಾನು ಇನ್ಮೇಲೆ ದುಡ್ಡು ಹಾಕಲ್ಲ.

ಈಗ ಅಸಲಿ ಕೆಲಸ, ಮನೆ. ನಮ್ಮ ನಾಯಿ ಕರಿಯನಿಗೆ ಎರಡು ವರ್ಷದ ಹಿಂದೆ ದಿನಾ ಹತ್ತು ಹದಿನೈದು ಕೀಳ್ತಿದ್ದೆ, ಮತ್ತೆ ಅಷ್ಟೇ ಹತ್ತಿರೋದು. ಒಂದು ರಾತ್ರಿ ಕರೆಂಟ್ ಹೋಗಿ ಟಾರ್ಚ್ ಹಾಕಿದಾಗ ಅವನು ಮಲಗೋ ಮೂಲೇಲಿ ಗೋಡೆ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಾಣ್ತು, ಹತ್ರ ಹೋಗಿ ನೋಡಿದ್ರೆ ಪುಡಿ ನಡೀತಿದೆ, ಆರು ಕಾಲಿನ ಮರಿಗಳು, ಎಲ್ಲಾ ಸಾಲಾಗಿ ಸ್ವಿಚ್‌ಬೋರ್ಡ್ ಕಡೆಗೆ. ಸ್ಕ್ರೂ ಬಿಚ್ಚಿಸಿದ್ರೆ ಒಳಗೆ ಒಣಗಿದ ತಾಯಿ ಉಣ್ಣೆಗಳು. ಈ ಕಂದು ಉಣ್ಣೆ ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಬಿದ್ದು ಗೋಡೆ ಹತ್ತಿ ಸಂದಿ ಸೇರತ್ತೆ, ಒಂದು ಹೆಣ್ಣು 4000ದಷ್ಟು ಮೊಟ್ಟೆ ಇಡಬಲ್ಲದು, ಇಟ್ಟು ಸಾಯತ್ತೆ. ಮರಿ ಬಂದು ನಾಯಿ ಹತ್ತಿ ಕುಡಿದು ಬೀಳತ್ತೆ, ಪೊರೆ ಕಳಚಿ ಎಂಟು ಕಾಲಾಗಿ ಮತ್ತೆ ಹತ್ತತ್ತೆ, ಮತ್ತೆ ಬೀಳತ್ತೆ, ದೊಡ್ಡದಾಗಿ ಮೂರನೇ ಸಲ ಹತ್ತತ್ತೆ. ಪ್ರತಿ ಸಲ ಬಿದ್ದು ಇರೋದು ನಿಮ್ಮ ಮನೇಲೇ. ದೊಡ್ಡ ಉಣ್ಣೆ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯತ್ತೆ, ಹಾಗಾಗಿ ನಾಯೀನ ಒಂದು ವಾರ ಅತ್ತೆ ಮನೆಗೆ ಕಳಿಸಿದ್ರೆ ಸರಿಹೋಗತ್ತೆ ಅನ್ನೋದು ಸುಳ್ಳು.

ನಾಯಿ ಮಲಗೋ ಜಾಗದಿಂದ ಶುರು ಮಾಡಿ. ಹಾಸಿಗೆ ಬಟ್ಟೆನೆಲ್ಲ ಕುದಿಯೋ ನೀರಲ್ಲಿ ನೆನೆಸಿ ಒಗೀರಿ, ಗೋಣಿಚೀಲ ಆಗಿದ್ರೆ ಸುಟ್ಟೇಬಿಡಿ. ಸೋಫಾ ಮಗುಚಿ ತಳದ ಬಟ್ಟೆ ನೋಡಿ, ಕ್ಯಾಲೆಂಡರ್, ಗೋಡೆ ಗಡಿಯಾರ ಇಳಿಸಿ ಹಿಂದೆ ನೋಡಿ, ಬಾಗಿಲ ಚೌಕಟ್ಟು, ಕಿಟಕಿ ಮೂಲೆ, ಗೋಡೆ ಬುಡದ ಟೈಲ್ಸ್ ಪಟ್ಟಿ ಹಿಂದಿನ ಸಂದಿ, ಮಂಚದ ಕಾಲಿನ ಜಾಯಿಂಟು. ವ್ಯಾಕ್ಯೂಮ್ ಇದ್ರೆ ಸಣ್ಣ ಮೂತಿ ಹಾಕಿ ಎಲ್ಲಾ ಸಂದಿ ಎಳೀರಿ, ಕಸಾನ ಆಗಲೇ ಕವರಲ್ಲಿ ಕಟ್ಟಿ ಹೊರಗೆ ಹಾಕಿ, ಇಲ್ಲಾಂದ್ರೆ ಮಿಷಿನ್ನೇ ಅವುಗಳ ಮನೆ ಆಗತ್ತೆ. ಆಮೇಲೆ ಮನೆಗೆ ಹೊಡೆಯೋ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ಲೇಬಲ್ ಅಳತೆಗೆ ಕಲಸಿ ಸಂದಿಗಳಿಗೆ ಹೊಡೀರಿ, ಗಾಳಿಗಲ್ಲ. ಸ್ವಿಚ್‌ಬೋರ್ಡಿಗೆ ಮಾತ್ರ ಹೊಡೀಬೇಡಿ, ಮೇನ್ ಆಫ್ ಮಾಡಿ ಬಿಚ್ಚಿಸಿ ಬ್ರಶ್ಶಲ್ಲಿ ಗುಡಿಸಿ. ಒಣಗೋವರೆಗೆ ಮಕ್ಕಳು, ನಾಯಿ ಯಾರೂ ಒಳಗೆ ಬೇಡ, ಮೀನಿನ ತೊಟ್ಟಿ ಇದ್ರೆ ಆಚೆ ಇಡಿ, ಬೆಕ್ಕಿರೋ ಮನೆಯಾದ್ರೆ ಡಾಕ್ಟರ್ ಕೇಳದೆ ಈ ಔಷಧಿ ಮುಟ್ಟಲೇಬೇಡಿ. ಫಿನಾಯಿಲ್ ಹಾಕಿ ನೆಲ ಒರೆಸಿದ್ರೆ ವಾಸನೆ ಬರತ್ತೆ, ಅಷ್ಟೇ.

ಎಲ್ಲರೂ ಇಲ್ಲಿಗೆ ನಿಲ್ಲಿಸ್ತಾರೆ. ಮೊಟ್ಟೆಗೆ ಈ ಔಷಧಿ ಸರಿಯಾಗಿ ತಾಗಲ್ಲ, ಕೆಲವು ವಾರದಲ್ಲಿ ಹೊಸ ಬ್ಯಾಚ್ ಆಚೆ ಬರತ್ತೆ. ಅದಕ್ಕೇ ಎರಡು ಮೂರು ವಾರ ಬಿಟ್ಟು ಮತ್ತೆ, ಅದಾದ ಮೇಲೆ ಇನ್ನೊಂದು ಸಲ. ಈ ಅಷ್ಟೂ ದಿನ ನಾಯಿ ಮಾತ್ರೆ ಮೇಲೇ ಇರಬೇಕು. ಮೂರನೇ ಸಲ ಆದ್ಮೇಲೆ ಸಂದಿಗಳಿಗೆ ವೈಟ್ ಸಿಮೆಂಟ್ ಮೆತ್ತಿ.

ಇಷ್ಟೆಲ್ಲಾ ಯಾಕೆ ಅಂದ್ರೆ ಟಿಕ್ ಫೀವರ್, ಅಂದ್ರೆ ಉಣ್ಣೆ ಕಚ್ಚಿ ನಾಯಿಗೆ ಬರೋ ಜ್ವರ. ಎರ್ಲಿಕಿಯಾ, ಬೆಬೀಸಿಯಾ ಅಂತ ಎರಡು ಮುಖ್ಯ. ಊಟ ಬಿಡ್ತು, ಮೈ ಸುಡ್ತಿದೆ, ಒಸಡು ಬಿಳಿಚಿದೆ, ಮೂಗಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇದರಲ್ಲಿ ಒಂದು ಕಂಡ್ರೂ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆ ಕೊಡಬೇಡಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ನಾಕು ವಾರ ಕೊಡ್ತಾರೆ, ಐದನೇ ದಿನ ನಾಯಿ ಅನ್ನ ತಿಂತು ಅಂತ ನಿಲ್ಲಿಸೋರೇ ಜಾಸ್ತಿ. ಪರಂಗಿ ಎಲೆ ರಸ ಕುಡಿಸಿ ಪ್ಲೇಟ್ಲೆಟ್ ಏರಿಸ್ತೀವಿ ಅಂತ ಕಾಯ್ತಾ ಕೂರಬೇಡಿ.

ಮಹಡಿ ಮನೆಯವರು ಊದುಬತ್ತಿ ಬಿಟ್ಟು ಚಿಮುಟ ತಂದಿದಾರೆ, ಸ್ವಿಚ್‌ಬೋರ್ಡೂ ಬಿಚ್ಚಿಸಿದ್ರು, ಎರಡು ರೌಂಡ್ ಆಯ್ತು. ಈ ಭಾನುವಾರ ಮೂರನೇದು, ಸೋಫಾ ಮಗುಚಕ್ಕೆ ನನ್ನನ್ನೂ ಕರ್ದಿದಾರೆ.