ರಿಪೇರಿಗೆ ಕೊಟ್ಟೆ, ಪಾಸ್‌ವರ್ಡ್ ಕೊಡಲಿಲ್ಲ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ತುಂಬುವ ಕೆಲಸ. ಪಹಣಿ, ಆಧಾರ್, ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್, ಎಲ್ಲವನ್ನೂ ಜನ ನನ್ನ ವಾಟ್ಸಾಪ್‌ಗೆ ಕಳಿಸುತ್ತಾರೆ. ಅಲ್ಲಿಂದ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುತ್ತೇನೆ. ಹಾಗಾಗಿ ನನ್ನ ಫೋನೋ ಲ್ಯಾಪ್‌ಟಾಪೋ ರಿಪೇರಿಗೆ ಹೋಯಿತು ಅಂದರೆ ನನ್ನ ಫೋಟೊಗಳಷ್ಟೇ ಹೋಗುವುದಿಲ್ಲ. ಸುತ್ತಮುತ್ತಲ ಊರಿನವರ ಕಾಗದಪತ್ರವೂ ಜೊತೆಗೆ ಹೋಗುತ್ತದೆ. ಅವರು ನಂಬಿದ್ದು ನನ್ನನ್ನು. ಆ ನಂಬಿಕೆಯನ್ನು ರಿಪೇರಿ ಅಂಗಡಿಯವರ ಕೈಗೆ ದಾಟಿಸಲು ನನಗೆ ಹಕ್ಕಿಲ್ಲ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತಲ್ಲ ಅನ್ನಬಹುದು. ಇಂಗ್ಲಿಷ್‌ನಲ್ಲಿ ಹೆಸರಿನ ಮೊದಲ 4 ಅಕ್ಷರ, ಆಮೇಲೆ ಹುಟ್ಟಿದ ವರ್ಷ, ಅಷ್ಟೇ ಅದರ ಪಾಸ್‌ವರ್ಡ್. ಅದೇ ಫೋಲ್ಡರಿನಲ್ಲಿ ಅದೇ ವ್ಯಕ್ತಿಯ ಹೆಸರು, ಹುಟ್ಟಿದ ದಿನ ಎರಡೂ ಇರುವ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇದ್ದರೆ ಬೀಗಕ್ಕೇ ಕೀ ನೇತುಹಾಕಿದ ಹಾಗೆ.

ಮೊದಲು ಕೆಟ್ಟಿದ್ದು ಲ್ಯಾಪ್‌ಟಾಪ್. ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿತ್ತು. ಊದಿದ ಬ್ಯಾಟರಿಗೆ ಏಟು ಬಿದ್ದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಅದಕ್ಕೆ ನಾನೇ ಬಿಚ್ಚಲು ಹೋಗಲಿಲ್ಲ. ಆಫ್ ಮಾಡಿ, ಚಾರ್ಜಿಗೂ ಹಾಕದೆ ಅಂಗಡಿಗೆ ತೆಗೆದುಕೊಂಡು ಹೋದೆ. ಬ್ಯಾಕಪ್ ಬಗ್ಗೆ ಚಿಂತೆ ಇರಲಿಲ್ಲ. ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ವಾರ ಹಾಕಿಡುವ ಅಭ್ಯಾಸ ಮೊದಲಿನಿಂದಲೂ ಇದೆ.

ಕೌಂಟರಿನಲ್ಲಿದ್ದವರು ಚೀಟಿ ಬರೆಯುತ್ತಾ ಪಾಸ್‌ವರ್ಡ್ ಕೇಳಿದರು.

"ಪಾಸ್‌ವರ್ಡ್ ಬೇಡ ಅಣ್ಣ. ಹಿಂದಿನ ಕವರ್ ನನ್ನ ಮುಂದೆಯೇ ತೆಗೆದು, ಫೈಲುಗಳೆಲ್ಲ ಇರುವ ಡಿಸ್ಕ್, ಅದೇ ಎಸ್‌ಎಸ್‌ಡಿ, ಬಿಚ್ಚಿ ನನಗೆ ಕೊಟ್ಟುಬಿಡಿ."

"ಡಿಸ್ಕ್ ಇಲ್ದೆ ಹೆಂಗ್ ಚೆಕ್ ಮಾಡೋದು ಮೇಡಂ?"

"ಬಯಾಸ್‌ಗೆ ಹೋದರೆ ಚಾರ್ಜ್ ಆಗ್ತಿದೆಯಾ ಅಂತ ಗೊತ್ತಾಗುತ್ತಲ್ವಾ? ಇಲ್ಲಾಂದ್ರೆ ನಿಮ್ಮ ಪೆನ್‌ಡ್ರೈವ್ ಹಾಕಿ ಆನ್ ಮಾಡಿ."

ಬಯಾಸ್ ಅಂದರೆ ಡಿಸ್ಕ್ ಇಲ್ಲದೆಯೂ ತೆರೆಯುವ, ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸ್. ಅವರು ಒಪ್ಪಿದರು. ಎಸ್‌ಎಸ್‌ಡಿಯನ್ನು ಹಿಡಿದಿದ್ದು ಒಂದೇ ಸ್ಕ್ರೂ. ಎಲ್ಲ ಲ್ಯಾಪ್‌ಟಾಪಿನಲ್ಲೂ ಹೀಗೆ ಬಿಚ್ಚಲು ಬರುವುದಿಲ್ಲ, ಕೆಲವದರಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥವಕ್ಕೆ ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಮಾಹಿತಿಯನ್ನು ಬದಲಿಸಿಡುವುದು, ಒಂದೇ ದಾರಿ. ವಿಂಡೋಸ್‌ಗೆ ಪಾಸ್‌ವರ್ಡ್ ಹಾಕಿದ ಮಾತ್ರಕ್ಕೆ ಫೈಲುಗಳು ಭದ್ರ ಅಂದುಕೊಳ್ಳಬೇಡಿ. ಎನ್‌ಕ್ರಿಪ್ಷನ್ ಇಲ್ಲದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವೂ ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲೇ ಬರುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯಾ ನೋಡಿ. ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಮದರ್‌ಬೋರ್ಡ್ ಬದಲಾದರೆ ಲ್ಯಾಪ್‌ಟಾಪ್ ಅದನ್ನೇ ಕೇಳುತ್ತದೆ. ಕೀ ಇಲ್ಲದಿದ್ದರೆ ನಿಮ್ಮ ಫೈಲು ನಿಮಗೂ ಸಿಗುವುದಿಲ್ಲ.

ಇದೆಲ್ಲ ಅತಿಯಾಯಿತು ಅನ್ನುವವರಿದ್ದಾರೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಪರೀಕ್ಷೆಯ ವಿವರ ಹೊರಗೆ ತಂದರು. ಏನೇನು ತೆರೆದರು ಅನ್ನುವುದು ದಾಖಲಾಗುವಂತೆ ಮಾಡಿದ ಲ್ಯಾಪ್‌ಟಾಪ್‌ಗಳನ್ನು 16 ಕಡೆ ರಿಪೇರಿಗೆ ಕೊಟ್ಟಿದ್ದರು. 6 ಕಡೆ ಗ್ರಾಹಕರ ಖಾಸಗಿ ಫೈಲುಗಳನ್ನು ತೆರೆದು ನೋಡಿದ್ದರು. ಕೆಲವರು ಕಾಪಿಯನ್ನೂ ಮಾಡಿಕೊಂಡಿದ್ದರು. ಹೆಂಗಸರ ಲ್ಯಾಪ್‌ಟಾಪ್‌ಗಳಲ್ಲೇ ಇದು ಜಾಸ್ತಿ ನಡೆದಿತ್ತು. ಬರೀ ಬ್ಯಾಟರಿ ಬದಲಿಸಲು ಹೋದಾಗಲೂ ಹೆಚ್ಚಿನ ಕಡೆ ಪಾಸ್‌ವರ್ಡ್ ಕೇಳಿದ್ದರಂತೆ. ನಮ್ಮೂರಿನ ರಿಪೇರಿಯವರೆಲ್ಲ ಹಾಗೆ ಅಂತ ನಾನು ಹೇಳುತ್ತಿಲ್ಲ. ನನ್ನ ಲ್ಯಾಪ್‌ಟಾಪ್ ಮಾಡಿಕೊಟ್ಟವರು ಒಳ್ಳೆಯ ಕೆಲಸಗಾರರು. ಆದರೆ ಯಾರು ಹೇಗೆ ಅಂತ ಮುಖ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಅಲ್ವಾ?

ಫೋನಿನ ಕತೆ ಬೇರೆ. ಅದರ ಮೆಮೊರಿಯನ್ನು ಬಿಚ್ಚಿಕೊಡಿ ಅನ್ನಲು ಆಗುವುದಿಲ್ಲ. ನನ್ನದು ಸ್ಯಾಮ್‌ಸಂಗ್, ಚಾರ್ಜಿಂಗ್ ಪಿನ್ ಹೋಗಿತ್ತು. ಸಿಮ್ ತೆಗೆದೆ, ಒಟಿಪಿ ಬರುವ ದಾರಿ ಮುಚ್ಚಿತು. ಮೆಮೊರಿ ಕಾರ್ಡನ್ನೂ ತೆಗೆದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಮತ್ತು ಡಿವೈಸ್ ಕೇರ್ ಒಳಗಿರುವ ಮೇಂಟೆನೆನ್ಸ್ ಮೋಡ್ ಆನ್ ಮಾಡಿದೆ. ಫೋನ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಫೋಟೊ, ಮೆಸೇಜು, ಕಾಂಟ್ಯಾಕ್ಟು ಒಂದೂ ಕಾಣುವುದಿಲ್ಲ. ಕ್ಯಾಮೆರಾ, ಸ್ಪೀಕರ್ ಎಲ್ಲ ಪರೀಕ್ಷೆ ಮಾಡಬಹುದು. ಅದರಿಂದ ಹೊರಗೆ ಬರಲು ನಮ್ಮ ಲಾಕ್ ಬೇಕೇ ಬೇಕು. ಸ್ಯಾಮ್‌ಸಂಗ್ ಇದನ್ನು 2022ರಲ್ಲಿ ತಂದಿತು. ಗೂಗಲ್ ಪಿಕ್ಸೆಲ್‌ನಲ್ಲಿ ಇಂಥದ್ದೇ ರಿಪೇರ್ ಮೋಡ್ 2023ರ ಡಿಸೆಂಬರ್‌ನಲ್ಲಿ ಬಂತು.

ಈ ಸೌಲಭ್ಯ ಇಲ್ಲದ ಫೋನುಗಳೇ ನಮ್ಮಲ್ಲಿ ಜಾಸ್ತಿ. ನನ್ನ ತಂಗಿಯದೂ ಅಂಥದ್ದೇ. ಅವಳ ಫೋನಿನ ಡಿಸ್‌ಪ್ಲೇ ಒಡೆದಿತ್ತು. ರಿಪೇರಿಯವರು ಕೊಟ್ಟ ಚೀಟಿಯಲ್ಲಿ ಪ್ಯಾಟ್ರನ್ ಬರೆಯಲೆಂದೇ 9 ಚುಕ್ಕಿ ಅಚ್ಚಾಗಿದ್ದವು. ಅದನ್ನು ಖಾಲಿ ಬಿಡಿಸಿದೆ. ಡಿಸ್‌ಪ್ಲೇ ಹಾಕಿದ ಮೇಲೆ ನೋಡಬೇಕಾದ್ದನ್ನು ಲಾಕ್ ತೆಗೆಯದೆಯೇ ನೋಡಬಹುದು. ಎಮರ್ಜೆನ್ಸಿ ಕಾಲ್ ಒತ್ತಿದರೆ ಅಂಕಿಗಳು ಬರುತ್ತವೆ, ಟಚ್ ಗೊತ್ತಾಗುತ್ತದೆ. ಕರೆ ಮಾತ್ರ ಒತ್ತಬಾರದು. ಲಾಕ್ ಪರದೆಯಿಂದಲೇ ಕ್ಯಾಮೆರಾ ತೆರೆಯುತ್ತದೆ. ರಿಪೇರಿಯವರು ತಮ್ಮ ಸಿಮ್ ಹಾಕಿ ಬೇರೆ ಫೋನಿನಿಂದ ಕರೆ ಮಾಡಿದರೆ ಲಾಕ್ ತೆಗೆಯದೆಯೇ ಎತ್ತಬಹುದು, ಮೈಕು ಸ್ಪೀಕರು ಎರಡೂ ಪರೀಕ್ಷೆ ಆಗುತ್ತವೆ. ಉಳಿದದ್ದನ್ನು ಅವಳೇ ಕೌಂಟರಿನಲ್ಲಿ ಲಾಕ್ ತೆಗೆದು ನೋಡಿಕೊಂಡಳು.

ಪಾಸ್‌ವರ್ಡ್ ಕೊಡಲೇಬೇಕಾದ ರಿಪೇರಿಯೂ ಇದೆ, ಸಾಫ್ಟ್‌ವೇರ್ ತೊಂದರೆ ಇದ್ದಾಗ. ಆಗ ಬ್ಯಾಕಪ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ ಕೊಡುವುದೇ ಸರಿ. ಈಗಿನ ಫೋನುಗಳಲ್ಲಿ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಯೇ ನಾಶವಾಗುತ್ತದೆ.

ಫೋನ್ ವಾಪಸ್ ಬಂದ ಮೇಲೆ, ನನ್ನ ವಾಟ್ಸಾಪ್ ಬೇರೆ ಎಲ್ಲಾದರೂ ತೆರೆದಿದೆಯಾ ಅಂತ ಅದರ ಲಿಂಕ್ಡ್ ಡಿವೈಸಸ್‌ನಲ್ಲಿ ನೋಡುತ್ತೇನೆ. ಗೂಗಲ್ ಖಾತೆಯಲ್ಲಿ ಗೊತ್ತಿಲ್ಲದ ಸಾಧನ ಸೇರಿದೆಯಾ, ಹೊಸ ಆ್ಯಪ್ ಬಂದಿದೆಯಾ, ಬೇರೆ ಬೆರಳಚ್ಚು ಸೇರಿಸಿದ್ದಾರಾ ಅಂತಲೂ ನೋಡುತ್ತೇನೆ. ಹಣ ಹೋಗಿದ್ದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಲ್ಯಾಪ್‌ಟಾಪ್ ರಿಪೇರಿಯಾದ ಮೇಲೆ ಅಂಗಡಿಯ ಕೆಲಸದಲ್ಲೂ ಒಂದು ಬದಲಾವಣೆ ಮಾಡಿಕೊಂಡೆ. ಅರ್ಜಿ ಹೋಗಿ ಸ್ವೀಕೃತಿ ಬಂದ ಕೂಡಲೇ, ಗ್ರಾಹಕರು ಎದುರಿಗಿರುವಾಗಲೇ ಅವರ ಕಾಗದಗಳನ್ನು ವಾಟ್ಸಾಪ್‌ನಿಂದಲೂ ಲ್ಯಾಪ್‌ಟಾಪ್‌ನಿಂದಲೂ ಅಳಿಸುತ್ತೇನೆ. ರಿಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತೇನೆ. "ಇರ್ಲಿ ಬಿಡವ್ವ, ಮುಂದಿನ ಸಲಕ್ಕೆ ಬೇಕಾಯ್ತದೆ" ಅಂತ ಎಷ್ಟೋ ಯಜಮಾನರು ಹೇಳುತ್ತಾರೆ. ಅಂಥವರಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ, ಅವರ ಫೋನಿಗೇ ಹಾಕಿಕೊಡುತ್ತೇನೆ.