ಸ್ಟ್ರೋಕ್ ಆದವರ ನಿದ್ದೆ: ವಾಚ್ ನೋಡುವ ಮೊದಲು ಉಸಿರು ನೋಡಿ

ಮುಂಬೈ ಕಡೆಯ ಮಾಟುಂಗ ಇರಲಿ, ಡೊಂಬಿವಲಿ ಇರಲಿ, ಸ್ಟ್ರೋಕ್ ಆಗಿ ಮನೆಗೆ ಬಂದ ಅಪ್ಪನ ಕೈಗೆ ಮಕ್ಕಳು ಸ್ಮಾರ್ಟ್‌ವಾಚ್ ಕಟ್ಟುತ್ತಾರೆ. ಬೆಳಗಾದರೆ, ಹೃದಯ ಬಡಿತಗಳ ನಡುವಿನ ಏರಿಳಿತದ ಅಂಕಿ ನೋಡಿ ‘ಎಚ್‌ಆರ್‌ವಿ ಇಳಿದಿದೆ’ ಎಂದು ಗಾಬರಿ.

ನಿಮಿಷಕ್ಕೆ 60 ಬಡಿತ ಎಂದರೂ ಎರಡು ಬಡಿತಗಳ ನಡುವೆ ಪ್ರತಿಸಲ ಸರಿಯಾಗಿ 1000 ಮಿಲಿಸೆಕೆಂಡ್ ಇರುವುದಿಲ್ಲ. ಒಮ್ಮೆ 960, ಇನ್ನೊಮ್ಮೆ 1030. ಉಸಿರೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಈ ಏರಿಳಿತವೇ ಎಚ್‌ಆರ್‌ವಿ. ಇದನ್ನು ನಡೆಸುವ ಮೆದುಳಿನ ಭಾಗಕ್ಕೆ ಸ್ಟ್ರೋಕ್ ತಾಗಿದರೆ ಏರಿಳಿತ ಕುಗ್ಗುವುದುಂಟು, ನಿದ್ದೆಗೆಟ್ಟರೂ ಅಷ್ಟೇ.

ಮೊದಲು ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ ಬಡಿತವೇ ತಾಳ ತಪ್ಪಿರುತ್ತದೆ, ವಾಚ್ ಅದನ್ನೇ ‘ಒಳ್ಳೆಯ’ ಎಚ್‌ಆರ್‌ವಿ ಎಂದು ತೋರಿಸೀತು. ಸ್ಟ್ರೋಕಿಗೆ ಈ ತಾಳ ತಪ್ಪುವುದೂ ಒಂದು ದೊಡ್ಡ ಕಾರಣ, ಖುಷಿಪಡುವಂಥದ್ದಲ್ಲ. ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಅಂಕಿ ಬದಲಾಗುತ್ತದೆ.

ಆಮೇಲೆ ರಾತ್ರಿ ಪಕ್ಕದಲ್ಲಿ ಕೂತು ನೋಡಿ. ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆಯೇ? ಎದೆ, ಹೊಟ್ಟೆ ಎಳೆಯುತ್ತಿದ್ದರೂ ಮೂಗಿನಲ್ಲಿ ಗಾಳಿಯಿಲ್ಲ. ಹತ್ತು ಸೆಕೆಂಡ್ ದಾಟಿದ ಮೇಲೆ ಗಂಟಲು ಕಟ್ಟಿದವರಂತೆ ಗಕ್ಕನೆ ಉಸಿರು. ಇದು ಸ್ಲೀಪ್ ಆಪ್ನಿಯಾದ, ಅಂದರೆ ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆಯ ಲಕ್ಷಣ. ಸ್ಟ್ರೋಕ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನಿದ್ದೆಯಲ್ಲಿ ಉಸಿರಿನ ತೊಂದರೆ ಕಾಣುತ್ತದೆ. ನಾವೋ, ಕೊನೆಯ ಲೋಕಲ್‌ನ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದು ರೈಲನ್ನು ಬೈಯುತ್ತಾ ಕೂರುತ್ತೇವೆ! ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟು ನ್ಯೂರಾಲಜಿಸ್ಟ್‌ಗೆ ತೋರಿಸಿ. ವಾಚಿನ ಒಂದು ತಿಂಗಳ ಗ್ರಾಫಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ‘ಸ್ಲೀಪ್ ಸ್ಟಡಿ ಬೇಕೇ?’ ಎಂದು ನೀವಾಗಿಯೇ ಕೇಳಿ; ನಿದ್ದೆಯಲ್ಲಿ ಉಸಿರನ್ನು ಅಳೆದು ನೋಡುವ ಪರೀಕ್ಷೆ ಅದು. ಗಂಟೆಗೆ 5ಕ್ಕಿಂತ ಹೆಚ್ಚು ಸಲ ಉಸಿರು ತಡೆದರೆ ಆಪ್ನಿಯಾ, 30 ದಾಟಿದರೆ ತೀವ್ರ. ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟರೆ, ಒಂದೇ ಕೈಯಲ್ಲಿ ಮಾಸ್ಕಿನ ಪಟ್ಟಿ ಬಿಗಿಯಲಾಗದು ಎಂಬುದು ನೆನಪಿರಲಿ. ಮನೆಯವರೇ ಕಲಿತುಕೊಳ್ಳಬೇಕು.

ಅಲ್ಲಿಯವರೆಗೆ ಅಂಗಾತ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲಲ್ಲಿ ಮಲಗಿಸಿ. ಶಕ್ತಿಯಿಲ್ಲದ ಕೈಯನ್ನು ಎಳೆಯಬೇಡಿ, ಮುಂದಕ್ಕೆ ಚಾಚಿ ದಿಂಬಿನ ಮೇಲಿಡಿ. ಬೆಳಿಗ್ಗೆ ಗ್ಯಾಲರಿಯ ಬಿಸಿಲಿಗೆ ಕೂರಿಸಿ. ಮದ್ಯ ಬೇಡವೇ ಬೇಡ. ಮೆಡಿಕಲ್‌ನಿಂದ ಸ್ವಂತ ಧೈರ್ಯದ ನಿದ್ದೆ ಮಾತ್ರೆಯೂ ಬೇಡ. ಕೆಲವು ಮಾತ್ರೆಗಳು ಉಸಿರಿನ ತೊಂದರೆ ಹೆಚ್ಚಿಸುತ್ತವೆ. ಮಂಕಾಗಿ ಮಾತು ಬಿಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಖಿನ್ನತೆಯೂ ನಿದ್ದೆ ಕೆಡಿಸುತ್ತದೆ.

ಎದ್ದಾಗ ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೈ ಸೋತರೆ 108ಕ್ಕೆ ಫೋನ್ ಮಾಡಿ. ರಾತ್ರಿ ಎಷ್ಟು ಗಂಟೆಯವರೆಗೆ ಸರಿಯಾಗಿದ್ದರು ಎಂಬುದನ್ನು ಬರೆದುಕೊಂಡೇ ಹೊರಡಿ, ಆಸ್ಪತ್ರೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ.