ಮಳೆಗಾಲದಲ್ಲಿ ಬದನೆ ಸಸಿ ಬುಡದಲ್ಲೇ ಕೊಳೀತಿತ್ತು, ಸರಿಹೋಗಿದ್ದು ಹೀಗೆ (ನನ್ನ ಅನುಭವ)

ನಮ್ಮನೆ ತೀರ್ಥಹಳ್ಳಿ ಹತ್ರ, ಜೂನಲ್ಲಿ ಬೀಜ ಹಾಕಿದ್ರೆ ಬದನೆ, ಟೊಮೆಟೊ, ಮೆಣಸು ಮೂರೂ ಚೆನ್ನಾಗೇ ಹುಟ್ತಿತ್ತು, ಆದ್ರೆ ಆರಿದ್ರಾ ಮಳೆ ಹಿಡಿದು ಬಿಸ್ಲೇ ಇಲ್ದಂಗಾದಾಗ ಮಣ್ಣಿಗೆ ತಾಗಿದ ಜಾಗದಲ್ಲಿ ಕಾಂಡ ನೂಲಿನ ಹಾಗೆ ಸಪೂರ ಆಗಿ ಬೆಳಿಗ್ಗೆ ಎದ್ದು ನೋಡಿದ್ರೆ ಸಸಿ ಎಲ್ಲಾ ಅಡ್ಡ ಬಿದ್ದಿರೋದು. ಎರಡು ವರ್ಷ ಹೀಗೇ, ತುಂಬಾ ಬೇಜಾರಾಗಿತ್ತು. ಬೀಜಾನೇ ಸರಿ ಇಲ್ಲ ಅಂದ್ಕೊಂಡಿದ್ದೆ. ಅಲ್ಲ, ಇದು ಪೈಥಿಯಂ ಥರದ ರೋಗಾಣು ಮಣ್ಣಿಂದ ಬರೋದು, ನೀರು ನಿಂತು ಗಾಳಿ ಆಡದಿದ್ರೆ ಜೋರಾಗತ್ತೆ.

ಈ ಸಲ ಬರೀ ತೋಟದ ಮಣ್ಣು ಹಾಕ್ಲಿಲ್ಲ. ತೆಂಗಿನ ನಾರಿನ ಪುಡಿ 2 ಪಾಲು, ಜರಡಿ ಹಿಡಿದ ಹಳೇ ಗೊಬ್ಬರ 1 ಪಾಲು, ಮರಳು 1 ಪಾಲು. ರೋಗಾಣು ಸಾಯ್ಲಿ ಅಂತ ಕುದಿಯೋ ನೀರು ಹೊಯ್ದು, ಪೂರ್ತಿ ಆರಿದ ಮೇಲೇ ಟ್ರೈಕೋಡರ್ಮಾ ಪುಡಿ (ಕೊಳೆ ರೋಗಾಣು ತಡೆಯೋಕೆ ಹಾಕೋದು) ಕಲಸಿದೆ, ಅದೂ ಜೀವ ಇರೋ ಶಿಲೀಂಧ್ರ ಅಲ್ವಾ, ಬಿಸಿಗೆ ಹಾಕಿದ್ರೆ ಸತ್ತೋಗತ್ತೆ. ಮುಂಚೆ ಬೀಜ ಒತ್ತೊತ್ತಾಗಿ ಚೆಲ್ತಿದ್ದೆ, ನನ್ನ ಪ್ರಕಾರ ಅದೇ ದೊಡ್ಡ ತಪ್ಪು, ಈಗ 2 ಇಂಚಿಗೊಂದು, ಕಾಲು ಇಂಚು ಆಳ ಅಷ್ಟೇ. ಟ್ರೇ ಜಗಲಿ ತುದೀಲಿ ಇಟ್ಟೆ, ಬೆಳಕು ಬರ್ಬೇಕು ಇರಚಲು ಬೀಳಬಾರದು. ನೀರು ಬೆಳಿಗ್ಗೆ ಮಾತ್ರ, ಅದೂ ಮೇಲ್ಮಣ್ಣು ಒಣಗಿದ್ರೆ. ಅಮ್ಮ ದಿನಾ ಸಂಜೆ "ನೀರು ಹಾಕಿಲ್ವಲ್ಲೋ" ಅಂತಿದ್ರು, ತಡೆದೆ.

40 ಬೀಜದಲ್ಲಿ 33 ಸಸಿ ಉಳೀತು! 5 ಎಲೆ ಬಂದ್ಮೇಲೆ ಹಿತ್ತಲಲ್ಲಿ ಮುಕ್ಕಾಲಡಿ ಎತ್ತರದ ಏರುಮಡಿ ಮಾಡಿ ನೆಟ್ಟಿದೀನಿ, ಪಕ್ಕಕ್ಕೆ ನೀರು ಹೋಗೋಕೆ ಕಾಲುವೆ ಬಿಟ್ಟು. ಬೆಂಡೆ, ಅಲಸಂದೆಗೆ ಟ್ರೇ ಬೇಡ, ನೇರ ಮಡಿಗೇ ಊರಿ.